ಕೊಯ್ದ ಹೊಲ, ಬಿಟ್ಟ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೆಕ್ಕೆಜೋಳ ಮುರಿದು, ಶೇಂಗಾ ಕಿತ್ತು, ರಾಗಿ ಒಕ್ಕಣೆ ಮುಗಿದು ಹೊಲಗಳು ಬಯಲಾದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಪ್ರತಿವರ್ಷವೂ ಒಂದು ದೂರು ಇದ್ದೇ ಇರುತ್ತದೆ: ರಜೆಯ ದಿನ ಬೇಟೆನಾಯಿಗಳೊಂದಿಗೆ ಬರುವ ಗುಂಪುಗಳದು. ಬಯಲಿನಲ್ಲಿ ಮೊಲಕ್ಕೆ ಮರೆಯಿಲ್ಲ, ನಾಯಿಗೆ ತಡೆಯಿಲ್ಲ. ನಡುವೆ ಸಿಕ್ಕಿಕೊಳ್ಳುವವರು ಹೊಲದವರು ಮತ್ತು ಕುರಿಯವರು. ಈ ಸಂಚಿಕೆಯಲ್ಲಿ ಅಂಥ ಪತ್ರಗಳಿಗೇ ಜಾಗ ಕೊಟ್ಟಿದ್ದೇವೆ. ಹೆಸರು ಬೇಡವೆಂದು ಬಹುತೇಕರು ಕೋರಿರುವುದರಿಂದ ತಾಲ್ಲೂಕನ್ನಷ್ಟೇ ನಮೂದಿಸಲಾಗಿದೆ.

ಪ್ರಶ್ನೆ: ನನಗೆ ನಾಲ್ಕು ಎಕರೆ ಖುಷ್ಕಿ ಜಮೀನಿದೆ. ಮೆಕ್ಕೆಜೋಳ ಮುರಿದಾಗಿದೆ, ಅಕ್ಕಡಿ ಸಾಲಿನ ತೊಗರಿ ಇನ್ನೂ ನಿಂತಿದೆ. ಭಾನುವಾರ ಬೆಳಿಗ್ಗೆ ಬೈಕುಗಳಲ್ಲಿ ಬರುವ ಹುಡುಗರು ಆರೇಳು ನಾಯಿಗಳನ್ನು ಬಿಟ್ಟು ಮೊಲ ಎಬ್ಬಿಸುತ್ತಾರೆ. ತೊಗರಿ ಮುರಿಯಿತು, ಬದುವಿನ ಮುಳ್ಳುಬೇಲಿ ಕಿತ್ತುಹೋಯಿತು. ಕೇಳಿದರೆ, ‘ಬಯಲು ಬಿದ್ದ ಹೊಲದಾಗೆ ಓಡಾಡಿದ್ರೆ ನಿಂದೇನು ಹೋತು ಯಜಮಾನ, ಕುರಿಯೋರು ಬಂದ್ರೆ ಸುಮ್ನಿರ್ತೀಯಲ್ಲ’ ಎಂದರು. ಕೊಯ್ಲಾದ ಮೇಲೆ ಹೊಲ ಊರಿನದು ಎಂಬುದು ನಿಜವೇ? ಮಾಂಸದಲ್ಲಿ ವಿಷ ಇಡೋಣವೆಂದು ಮಗ ಹೇಳುತ್ತಿದ್ದಾನೆ.
ರೈತರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಆ ಹುಡುಗರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದಕ್ಕೆ ಉತ್ತರ ಕೊಡುವುದು ನಿಮಗೆ ಕಷ್ಟವಾಗಿದೆ. ನಮ್ಮ ಬಯಲುಸೀಮೆಯಲ್ಲಿ ಪೈರು ತೆಗೆದ ಹೊಲಕ್ಕೆ ಕುರಿ, ದನ ಹೋಗುವುದನ್ನು ಯಾರೂ ತಡೆಯುವುದಿಲ್ಲ. ಹೊಲ ದಾಟಿ ನಡೆದುಹೋಗುವವರನ್ನೂ ಕೇಳುವುದಿಲ್ಲ. ಆದರೆ ಈ ರೂಢಿ ಬಿಟ್ಟಿ ಬಂದದ್ದಲ್ಲ. ಕುರಿಯವರು ಕೂಳೆ ಮೇಯಿಸಿದರೆ ಹೊಲಕ್ಕೆ ಹಿಕ್ಕೆ, ಗಂಜಳ ಬೀಳುತ್ತದೆ. ರಾತ್ರಿ ಕುರಿ ನಿಲ್ಲಿಸಿಕೊಳ್ಳಲು ಹೊಲದವರೇ ಕುರಿಯವರಿಗೆ ಕಾಳನ್ನೋ ಹಣವನ್ನೋ ಕೊಟ್ಟು ಕರೆಯುವುದುಂಟು. ಕೊಡುಕೊಳ್ಳುವಿಕೆಯ ಮೇಲೆ ನಿಂತ ಆ ಸಲುಗೆಯನ್ನು, ಹೊಲಕ್ಕೆ ಏನನ್ನೂ ಕೊಡದೆ ಬರಿದೇ ತುಳಿದು ಹೋಗುವವರು ತಮ್ಮ ಹಕ್ಕಿಗೆ ಆಧಾರವಾಗಿ ತೋರಿಸುವುದು ಸರಿಯಲ್ಲ. ನಿಮ್ಮ ಹೊಲದಲ್ಲಂತೂ ತೊಗರಿ ಇನ್ನೂ ನಿಂತಿರುವುದರಿಂದ ಅದು ಬಯಲು ಬಿದ್ದ ಹೊಲವೇ ಅಲ್ಲ.

ಇನ್ನು ಕಾನೂನಿನ ಮಾತು. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 329ನೇ ಕಲಮಿನ ಪ್ರಕಾರ ಒಬ್ಬರ ಜಮೀನಿನೊಳಗೆ ಸುಮ್ಮನೆ ಕಾಲಿಟ್ಟ ಮಾತ್ರಕ್ಕೆ ಅದು ಅಪರಾಧದ ಅತಿಕ್ರಮ ಪ್ರವೇಶವಾಗುವುದಿಲ್ಲ. ಅಪರಾಧವೆಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಇಂಥ ದೂರುಗಳನ್ನು ‘ಉದ್ದೇಶವೇನು ಎಂದು ತೋರಿಸುತ್ತೀರಿ’ ಎಂಬ ಒಂದೇ ಪ್ರಶ್ನೆಯಿಂದ ಹಿಂದಕ್ಕೆ ಕಳುಹಿಸುವುದುಂಟು. ಆದರೆ ಮೊಲದ ಬೇಟೆಗೆ ಬಂದವರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಉರುಳು ಹಾಕುವುದು, ಸೋವುವುದು, ಇವುಗಳಿಗೆ ಯತ್ನಿಸುವುದು ಕೂಡ ಬೇಟೆಯೇ ಎಂದು ಅದರ ವ್ಯಾಖ್ಯಾನದಲ್ಲಿದೆ. ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಟ್ಟಿಗಳಲ್ಲಿ ಮೊಲ ಎರಡನೇ ಅನುಸೂಚಿಯಲ್ಲಿದೆ. ಅದರ ಬೇಟೆಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹೀಗೆ ಅಪರಾಧವೊಂದನ್ನು ಮಾಡಲೆಂದೇ ಹೊಲಕ್ಕೆ ನುಗ್ಗಿದವರ ಉದ್ದೇಶವನ್ನು ಬೇರೆಯಾಗಿ ಹುಡುಕಬೇಕಾಗಿಲ್ಲ. ನಾಯಿಗಳು ಮೊಲ ಹಿಡಿಯದೆ ಬರಿಗೈಯಲ್ಲಿ ಮರಳಿದರೂ ಈ ಮಾತು ನಿಲ್ಲುತ್ತದೆ. ಕಾನೂನು ನಿಷೇಧಿಸಿದ ಕೃತ್ಯಕ್ಕೆ ರೂಢಿಯ ಹಕ್ಕು ಹುಟ್ಟುವುದೂ ಇಲ್ಲ.

ನೀವು ಜಗಳೂರಿನವರಾದ್ದರಿಂದ ಇನ್ನೊಂದು ಮಾತು. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ನಿಮ್ಮ ತಾಲ್ಲೂಕಿನಲ್ಲೇ ಇದೆ. ನಾಲ್ಕು ಕೊಂಬಿನ ಈ ಪ್ರಾಣಿ ಜಿಂಕೆಯಂತೆ ದೊಡ್ಡ ಹಿಂಡಿನಲ್ಲಿ ಇರುವುದಿಲ್ಲ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಹುಲ್ಲು, ಪೊದೆಗಳ ಮರೆಯಲ್ಲಿ ಅಡಗಿರುತ್ತದೆ. ಮೊಲಕ್ಕೆಂದು ಬಿಟ್ಟ ನಾಯಿಗಳು ಕೊಂಡುಕುರಿಯನ್ನು ಎಬ್ಬಿಸಿದರೆ, ಅದು ಒಂದನೇ ಅನುಸೂಚಿಯ ಪ್ರಾಣಿಯಾದ್ದರಿಂದ ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಹೋಗುತ್ತದೆ. ಮೊಲಕ್ಕೆ ಬಂದವರಿಗೆ ಇದು ಗೊತ್ತಿರುವುದಿಲ್ಲ, ಅವರ ನಾಯಿಗಳಿಗಂತೂ ಗೊತ್ತಿರುವುದಿಲ್ಲ.

ಮುಂದಿನ ಸಲ ಅವರು ಬಂದಾಗ ಜಗಳಕ್ಕೆ ಇಳಿಯಬೇಡಿ. ಬೈಕುಗಳ ಸಂಖ್ಯೆ, ನಾಯಿಗಳು, ಮುರಿದ ತೊಗರಿ, ಕಿತ್ತ ಬೇಲಿ ಇವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಪಹಣಿಯ ಪ್ರತಿ ಸೇರಿಸಿ ಒಂದು ದೂರನ್ನು ಪೊಲೀಸ್ ಠಾಣೆಗೂ ಇನ್ನೊಂದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಕೊಡಿ. ಎರಡೂ ಕಡೆ ಕೊಡಬೇಕೆನ್ನುವುದಕ್ಕೆ ಕಾರಣವಿದೆ: ಬೇಟೆಯ ವಿಷಯವನ್ನು ಅರಣ್ಯ ಇಲಾಖೆ ನೋಡುತ್ತದೆ, ಹೊಲ ನುಗ್ಗಿದ್ದನ್ನು ಪೊಲೀಸರು ನೋಡುತ್ತಾರೆ, ಒಬ್ಬರಿಗೆ ಮಾತ್ರ ಕೊಟ್ಟರೆ ಇನ್ನೊಬ್ಬರ ಬಾಗಿಲು ತೋರಿಸುವುದೇ ಹೆಚ್ಚು. ನಾಯಿಗಳು ಓಡುತ್ತಿರುವಾಗಲೇ ತಿಳಿಸಬೇಕೆಂದರೆ 112ಕ್ಕೆ ಕರೆ ಮಾಡಬಹುದು.

ವಿಷದ ಯೋಚನೆಯನ್ನು ಮಾತ್ರ ಮಗನ ತಲೆಯಿಂದ ತೆಗೆಯಿರಿ. ಯಾವುದೇ ಪ್ರಾಣಿಯನ್ನು ವಿಷವಿಟ್ಟು ಕೊಂದರೆ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆಯಿದೆ. ವಿಷದ ಮಾಂಸವನ್ನು ಬೇಟೆನಾಯಿಯೇ ತಿನ್ನುತ್ತದೆಂಬ ಖಾತ್ರಿಯೂ ಇಲ್ಲ. ನರಿ ತಿಂದೀತು, ಪಕ್ಕದ ಹೊಲದವರ ಕಾವಲು ನಾಯಿ ತಿಂದೀತು, ಸತ್ತ ನಾಯಿಯನ್ನು ಹದ್ದು ತಿಂದೀತು. ಕಾಡುಪ್ರಾಣಿಗೆ ವಿಷ ಹಾಕುವುದನ್ನೂ ಕಾಯ್ದೆ ಬೇಟೆಯೆಂದೇ ಕರೆಯುತ್ತದೆ. ಆಗ ದೂರು ಕೊಡಬೇಕಾದವರು ನೀವು, ಆರೋಪಿಯೂ ನೀವೇ.

ಪ್ರಶ್ನೆ: ನಮ್ಮದು ನೂರಿಪ್ಪತ್ತು ಕುರಿಗಳ ಹಿಂಡು. ಊರ ಗೋಮಾಳದಲ್ಲಿ ಮೇಯುತ್ತಿದ್ದಾಗ ಬೇಟೆಗೆ ಬಂದವರ ನಾಯಿಗಳು ಮೊಲದ ಹಿಂದೆ ಓಡುತ್ತಾ ಹಿಂಡಿನೊಳಗೆ ನುಗ್ಗಿದವು. ಎರಡು ಕುರಿಗಳಿಗೆ ಕಚ್ಚಿದವು, ಮೂರು ಗಬ್ಬದ ಕುರಿಗಳು ಮರುದಿನ ಕಂದು ಹಾಕಿದವು. ಐನೂರು ರೂಪಾಯಿ ಕೊಟ್ಟು ಹೋಗಲು ನೋಡಿದರು. ಠಾಣೆಯಲ್ಲಿ ‘ನೀವು ನೀವೇ ಮಾತಾಡಿಕೊಳ್ಳಿ’ ಎಂದರು. ನಮಗೆ ಪರಿಹಾರ ಕೇಳುವ ಹಕ್ಕಿದೆಯೇ?
ಕುರಿಗಾಹಿಯೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಹಕ್ಕಿದೆ. ಆದರೆ ಮೊದಲು ಕಚ್ಚಿಸಿಕೊಂಡ ಕುರಿಗಳನ್ನು ನೋಡಿಕೊಳ್ಳಿ, ಹಣದ ಮಾತು ಆಮೇಲೆ. ಅಪರಿಚಿತ ನಾಯಿ ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ತೊಳೆಯುವವರು ಬರಿಗೈಯಲ್ಲಿ ಮುಟ್ಟಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಕಚ್ಚಿದ ದಿನ, ಅನಂತರ 3, 7, 14 ಮತ್ತು 28ನೇ ದಿನಗಳಲ್ಲಿ ಕುರಿಗಳಿಗೂ ಹಾಕಿಸಬೇಕಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಔಷಧವೂ ಇಲ್ಲ. ಇನ್ನೂ ಹಾಕಿಸಿಲ್ಲದಿದ್ದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಪಶು ಆಸ್ಪತ್ರೆಗೆ ಹೊರಡಿ.

ಕಂದು ಹಾಕಿದ ಕುರಿಗಳ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ನಾಯಿಗಳು ಅಟ್ಟಿದಾಗ ತುಂಬುಗಬ್ಬದ ಕುರಿ ಬೆದರಿ, ಒಂದರ ಮೇಲೊಂದು ಬಿದ್ದು ಕಂದು ಹಾಕುವುದು ಕುರಿ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಬ್ರುಸೆಲ್ಲಾದಂಥ ಸೋಂಕುಗಳಿಂದಲೂ ಕುರಿಗಳು ಕಂದು ಹಾಕುತ್ತವೆ, ಎದುರು ಪಕ್ಷದವರು ಮೊದಲು ಹಿಡಿಯುವ ಎಳೆ ಅದೇ. ಆದ್ದರಿಂದ ಬಿದ್ದ ಕಂದನ್ನು ಹೂಳುವ ಮೊದಲು ಪಶುವೈದ್ಯರಿಗೆ ತೋರಿಸಿ, ಕುರಿಗಳ ರಕ್ತಪರೀಕ್ಷೆ ಮಾಡಿಸಿ, ಸೋಂಕು ಇರಲಿಲ್ಲವೆಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಜಾಣತನ. ಆ ಸೋಂಕು ಮನುಷ್ಯರಿಗೂ ಹತ್ತುವಂಥದ್ದು, ಹಾಗಾಗಿ ಮನೆಯವರ ಆರೋಗ್ಯಕ್ಕೂ ಈ ಪರೀಕ್ಷೆ ಒಳ್ಳೆಯದೇ.

ಠಾಣೆಯವರು ಹೇಳಿದ್ದಕ್ಕೆ ಬಂದರೆ, ನಾಯಿ ತಪ್ಪಿಸಿಕೊಂಡು ಬಂದು ಕಚ್ಚುವುದು ಬೇರೆ, ಹಿಂಡು ಮೇಯುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ನಾಯಿ ಬಿಡುವುದು ಬೇರೆ. ಹಾನಿಯಾಗುವುದು ಸಂಭವವೆಂದು ತಿಳಿದೂ ಮಾಡಿದ ಕೆಲಸವನ್ನು ನ್ಯಾಯ ಸಂಹಿತೆಯ 324ನೇ ಕಲಂ ಕೇಡಿನ ಕೃತ್ಯವೆಂದು ಕರೆಯುತ್ತದೆ. ನಷ್ಟ ಇಪ್ಪತ್ತು ಸಾವಿರ ರೂಪಾಯಿ ಮುಟ್ಟಿದರೆ ಶಿಕ್ಷೆ ಎರಡು ವರ್ಷದವರೆಗೆ ಹೋಗಬಹುದು. ಎರಡು ಕುರಿಗಳ ಚಿಕಿತ್ಸೆ, ಮೂರು ಮರಿಗಳ ನಷ್ಟ, ಕೈಬಿಟ್ಟ ಹಾಲು ಇವೆಲ್ಲ ಸೇರಿದರೆ ಎಷ್ಟಾಗುತ್ತದೆಂದು ಸಂತೆಯ ಬೆಲೆಯಲ್ಲಿ ಲೆಕ್ಕ ಹಾಕಿ ದೂರಿನಲ್ಲೇ ಬರೆಯಿರಿ. ಐನೂರರ ನೋಟು ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ನಷ್ಟಪರಿಹಾರಕ್ಕೆ ಸಿವಿಲ್ ದಾವೆಯ ದಾರಿ ಪ್ರತ್ಯೇಕವಾಗಿ ಇದ್ದೇ ಇದೆ.

ಗೋಮಾಳದ ಬಗ್ಗೆ ಒಂದು ಮಾತು ಹೇಳಲೇಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 72ನೇ ಕಲಮಿನಂತೆ ಗೋಮಾಳದಲ್ಲಿ ಮೇಯಿಸುವ ಹಕ್ಕು ಆ ಗೋಮಾಳ ಯಾವ ಊರಿಗೆ ಸೇರಿದೆಯೋ ಆ ಊರಿನ ಜಾನುವಾರುಗಳಿಗೆ ಸೇರಿದ್ದು. ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಗೋಮಾಳ ಇರಬೇಕೆಂದು ನಿಯಮವೂ ಇದೆ. ನೀವು ಅದೇ ಊರಿನವರಾದರೆ ಅಲ್ಲಿ ನಿಮ್ಮದು ಹಕ್ಕು, ಬೇಟೆಯವರದು ಬರೀ ಓಡಾಟ. ನೀವು ಹೊರಗಿನಿಂದ ವಲಸೆ ಬಂದ ಹಿಂಡಿನವರಾದರೆ ಮೇಯಿಸುವ ಹಕ್ಕಿನ ವಾದ ಅಷ್ಟು ಗಟ್ಟಿಯಾಗಿ ನಿಲ್ಲದು. ಹಾಗಿದ್ದರೂ ಕುರಿಗಳು ನಿಮ್ಮ ಸ್ವತ್ತೇ ಆದ್ದರಿಂದ ಅವುಗಳ ನಷ್ಟ ಕೇಳುವುದಕ್ಕೆ ಅದರಿಂದ ಅಡ್ಡಿಯಾಗುವುದಿಲ್ಲ. ಅಮೃತಮಹಲ್ ಕಾವಲುಗಳೆಂಬ ಹಳೆಯ ಹುಲ್ಲುಗಾವಲುಗಳ ಬಹುಭಾಗ ಬೇಲಿಯೊಳಗೆ ಹೋದ ಮೇಲೆ ನಿಮ್ಮ ತಾಲ್ಲೂಕಿನಲ್ಲಿ ಮೇವಿಗೆ ಉಳಿದ ಜಾಗವೇ ಕಡಿಮೆ. ಉಳಿದ ತುಂಡಿನಲ್ಲೇ ಕುರಿ, ಮೊಲ, ಬೇಟೆಯವರು ಎಲ್ಲರೂ ಸೇರಿಕೊಳ್ಳುವುದರಿಂದಲೇ ಈ ಘರ್ಷಣೆ ಮೊದಲಿಗಿಂತ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಹಿತವಾಗದ ಒಂದು ಮಾತನ್ನೂ ಬರೆಯುತ್ತೇನೆ. ಹಿಂಡಿನ ಜೊತೆಗಿರುವ ನಾಯಿಗಳು ಮೊಲ ಕಂಡಾಗ ಸುಮ್ಮನಿರುವುದಿಲ್ಲ, ಹಿಡಿದ ಮೊಲ ರೊಪ್ಪದ ಒಲೆಗೆ ಹೋಗುವುದೂ ಹೊಸತಲ್ಲ. ಬೇಟೆಯವರ ಮೇಲೆ ದೂರು ಕೊಟ್ಟವರ ನಾಯಿಯ ಮೇಲೂ ಅದೇ ಕಾಯ್ದೆಯ ಕಣ್ಣಿರುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುವ ಅಭ್ಯಾಸವನ್ನೂ ಬಿಡಿ: ಕುರಿ ಒಂದೇ ಕಡೆಗೆ ಸುತ್ತುತ್ತಾ ಸಾಯುವ ಕಾಯಿಲೆಗೆ ಕಾರಣವಾದ ಲಾಡಿಹುಳು ಕುರಿಯ ಮೆದುಳಿನಿಂದ ನಾಯಿಯ ಹೊಟ್ಟೆಗೆ, ನಾಯಿಯ ಹೇಲಿನಿಂದ ಮತ್ತೆ ಮೇವಿಗೆ ಬರುತ್ತದೆ. ಬೇಟೆಯವರ ನಾಯಿಗಳಿಗೆ ಜಂತುಹುಳುವಿನ ಮಾತ್ರೆ ಹಾಕಿಸದೆ ಇದ್ದರೆ ಗೋಮಾಳದಲ್ಲಿ ಅವು ಬಿಟ್ಟುಹೋಗುವ ಅಪಾಯ ಕಚ್ಚಿದ ಗಾಯಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಪ್ರಶ್ನೆ: ನಾನು ಎರಡು ಮುಧೋಳ ನಾಯಿಗಳನ್ನು ಸಾಕಿದ್ದೇನೆ. ಊರಿನಲ್ಲಿ ಎಲ್ಲರೂ ನನ್ನನ್ನು ಬೇಟೆಗಾರನೆಂದೇ ನೋಡುತ್ತಾರೆ. ನಾಯಿ ಸಾಕುವುದೇ ತಪ್ಪೇ? ಅವುಗಳನ್ನು ಎಲ್ಲಿ ಓಡಿಸಲಿ?
ಯುವಕ, ದಾವಣಗೆರೆ ತಾಲ್ಲೂಕು

ಉತ್ತರ: ಸಾಕುವುದು ತಪ್ಪಲ್ಲ. ಮುಧೋಳ ತಳಿಯ ಸಂಶೋಧನೆಗೆಂದೇ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಕೇಂದ್ರವಿದೆ, 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು. ಕಾನೂನು ನಾಯಿಯ ತಳಿಯನ್ನು ಕೇಳುವುದಿಲ್ಲ, ನಾಯಿಯನ್ನು ಯಾವುದರ ಮೇಲೆ ಬಿಟ್ಟರೆಂದು ಕೇಳುತ್ತದೆ.

ಆದರೆ ಈ ತಳಿಯ ಸ್ವಭಾವ ನಿಮಗೇ ಗೊತ್ತಿದೆ: ಅದು ಮೂಗಿಗಿಂತ ಕಣ್ಣನ್ನು ನಂಬಿ ಓಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಕೂಗಿಗೆ ಓಗೊಡುವುದಿಲ್ಲ, ಆ ಓಡುವುದು ಮೊಲವೋ ಆಡಿನ ಮರಿಯೋ ಎಂದು ವಿಚಾರಿಸುವುದಿಲ್ಲ. ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚಿದರೆ ಮುಂದಾಗುವುದಕ್ಕೆ ನೀವೇ ಹೊಣೆ. ಸ್ವಂತ ಹೊಲವಿದ್ದು ಸುತ್ತಲೂ ಜಾಲರಿಯಿದ್ದರೆ, ಮೋಟಾರಿನ ಗಾಲಿಗೆ ದಾರ ಸುತ್ತಿ ತುದಿಗೆ ಬಟ್ಟೆಯ ಗಂಟು ಕಟ್ಟಿ ಎಳೆಸಿ ಓಡಿಸಬಹುದು; ನಾಯಿಗೆ ಬೇಕಾದದ್ದು ಓಟವೇ. ಬಟ್ಟೆಯ ಬದಲು ಜೀವಂತ ಮೊಲವನ್ನು ಬಿಟ್ಟು ಪಂದ್ಯ ಕಟ್ಟುವುದು ವನ್ಯಜೀವಿ ಕಾಯ್ದೆಯ ಜೊತೆಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೂ ವಿರುದ್ಧ. ಲಸಿಕೆಯ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಿ, ಊರಿನವರ ಅನುಮಾನಕ್ಕೆ ಅರ್ಧ ಉತ್ತರ ಅದರಲ್ಲಿರುತ್ತದೆ.

ಪ್ರಶ್ನೆ: ನಮ್ಮ ಕಡೆ ಸಂಕ್ರಾಂತಿಗೆ ಮೊಲವನ್ನು ಜೀವಂತ ಹಿಡಿದು, ದೇವರ ಮುಂದೆ ಪೂಜಿಸಿ ಬಿಟ್ಟುಬಿಡುತ್ತಾರೆ. ಕೊಲ್ಲುವುದಿಲ್ಲವಲ್ಲ, ಇದೂ ಬೇಟೆಯೇ? ಬೇಟೆ ನಮ್ಮ ಹಿರಿಯರ ಕಸುಬು ಎನ್ನುವವರಿಗೆ ವಿನಾಯಿತಿ ಇದೆಯೇ?
ಶಿಕ್ಷಕಿಯೊಬ್ಬರು, ಹೊಸದುರ್ಗ ತಾಲ್ಲೂಕು

ಉತ್ತರ: ಕಾಯ್ದೆಯ ಅಕ್ಷರದ ಪ್ರಕಾರ ಹಿಡಿಯುವುದೂ ಬೇಟೆಯೇ. ವಿನಾಯಿತಿಯೂ ಇಲ್ಲ: ವನ್ಯಜೀವಿ ಕಾಯ್ದೆಯ 65ನೇ ಕಲಂ ಬೇಟೆಯ ಹಕ್ಕನ್ನು ಉಳಿಸಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ ಮಾತ್ರ, 2006ರ ಅರಣ್ಯ ಹಕ್ಕು ಕಾಯ್ದೆಯೂ ಸಾಂಪ್ರದಾಯಿಕ ಹಕ್ಕುಗಳನ್ನು ಕೊಡುವಾಗ ಬೇಟೆಯನ್ನು ಹೆಸರಿಸಿಯೇ ಹೊರಗಿಟ್ಟಿದೆ. ಆದರೂ ಮೊಲವನ್ನು ನೋಯಿಸದೆ ಬಿಡುವ ಆಚರಣೆಯನ್ನೂ ವಾರವಾರ ನಾಯಿ ಬಿಡುವ ಮೋಜನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ. ಹಿಡಿಯುವ ದಿನ ಬಲೆಯೊಂದಿಗೆ ನಾಯಿಗಳನ್ನೂ ಒಯ್ಯುವ ಊರುಗಳಲ್ಲಿ ಹಿರಿಯರು ನಾಯಿಗಳನ್ನು ಮನೆಯಲ್ಲೇ ಕಟ್ಟಿಸಲಿ, ಬಿತ್ತಿದ ಹೊಲಕ್ಕೆ ಜನ ಇಳಿಯದಂತೆ ನೋಡಲಿ, ಮೊಲದ ಬದಲು ಅದರ ಬೊಂಬೆಯನ್ನಿಟ್ಟು ಪೂಜಿಸಬಹುದೇ ಎಂದು ಅರ್ಚಕರನ್ನು ಕೇಳಲಿ. ಬೇಟೆನಾಯಿಗಳ ಮೇಲೆಯೇ ಮೊಲ ತಿರುಗಿ ಬಿದ್ದ ನೆಲದಲ್ಲಿ ವಿಜಯನಗರವನ್ನು ಕಟ್ಟಿದರೆಂಬ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿಯೇ ಇರುತ್ತೀರಿ. ಆ ಕಥೆಯಲ್ಲಿ ಗೆಲ್ಲುವುದು ಮೊಲವೇ ಆಗಿರುವುದು ಸ್ವಾರಸ್ಯದ ಸಂಗತಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಾಯಿಗಳಿಂದ ನರಿ ಬೇಟೆಯಾಡುವುದನ್ನು ನಿಷೇಧಿಸಿದ್ದಾರೆಂದು ಓದಿದೆ. ಅಲ್ಲಿ ಜಮೀನಿನವರಿಗೆ ನಾಯಿಗಳನ್ನು ತಡೆಯುವ ಹಕ್ಕು ಇದೆಯೇ?
ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಅಲ್ಲಿ ಜಮೀನಿನವರ ಹಕ್ಕಿನ ತಕರಾರು ನಿಷೇಧಕ್ಕಿಂತ ಬಹಳ ಹಳೆಯದು. ನರಿ ಕೇಡಿನ ಪ್ರಾಣಿ, ಅದನ್ನು ಕೊಲ್ಲಲು ಇನ್ನೊಬ್ಬರ ಹೊಲ ದಾಟಬಹುದು ಎಂದು 1786ರ ಒಂದು ತೀರ್ಪು ಹೇಳಿತ್ತು. 1878ರಲ್ಲಿ ಪಾಲ್ ಮತ್ತು ಸಮ್ಮರ್‌ಹೇಸ್ ನಡುವಿನ ಮೊಕದ್ದಮೆಯಲ್ಲಿ ನ್ಯಾಯಾಲಯ, ಮೋಜಿಗಾಗಿ ಬೇಟೆಯಾಡುವವರಿಗೆ ಜಮೀನಿನವರು ಬೇಡವೆಂದ ಮೇಲೆ ಒಳಬರುವ ಹಕ್ಕಿಲ್ಲ ಎಂದಿತು. ಆದರೆ ಸವಾರರು ರಸ್ತೆಯಲ್ಲೇ ನಿಂತು ನಾಯಿಗಳು ಮಾತ್ರ ಒಳನುಗ್ಗಿದರೆ? ಎಕ್ಸ್‌ಮೂರ್ ಪ್ರದೇಶದಲ್ಲಿ ಜಿಂಕೆಗಳ ಆಸರೆಗೆಂದು ಜಮೀನು ಕೊಂಡಿದ್ದ ಬೇಟೆವಿರೋಧಿ ಸಂಘವೊಂದು ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದಿತು. ನಾಯಿಗಳು ಒಳಹೋಗಲೆಂದು ಬಯಸಿದ್ದರೆ, ಅಥವಾ ಅವನ್ನು ತಡೆಯುವಲ್ಲಿ ಅಲಕ್ಷ್ಯ ತೋರಿದ್ದರೆ ಬೇಟೆತಂಡದ ಮುಖ್ಯಸ್ಥನೇ ಹೊಣೆ ಎಂದು 1985ರಲ್ಲಿ ತೀರ್ಪಾಯಿತು. ತಡೆಯಲಾಗದ ಜಾಗದಲ್ಲಿ ಪದೇಪದೇ ನಾಯಿ ಬಿಡುವುದೇ ಅವನ ಉದ್ದೇಶವನ್ನು ತೋರಿಸಬಲ್ಲದು ಎಂಬುದು ಆ ತೀರ್ಪಿನ ತಿರುಳು. ಇಂಗ್ಲಿಷ್ ತೀರ್ಪುಗಳು ನಮ್ಮ ನ್ಯಾಯಾಲಯಗಳಿಗೆ ಬದ್ಧವಲ್ಲ, ಆದರೆ ಸಿವಿಲ್ ತಕರಾರುಗಳಲ್ಲಿ ವಕೀಲರು ಅವನ್ನು ಉದಾಹರಿಸುವುದುಂಟು. ಜಗಳೂರಿನ ಪತ್ರದ ಹುಡುಗರಿಗೆ ಈ ತರ್ಕ ಚೆನ್ನಾಗಿ ಒಪ್ಪುತ್ತದೆ.

ನಿಷೇಧದ ಕಾಯ್ದೆ 2004ರದು, ಜಾರಿಗೆ ಬಂದದ್ದು 2005ರ ಫೆಬ್ರವರಿ 18ರಂದು. ಇಲಿ ಮತ್ತು ಬಿಲ ತೋಡುವ ಮೊಲಗಳ (ರ್ಯಾಬಿಟ್) ಬೇಟೆಗೂ, ಗುಂಡಿಗೆ ಸಿಗುವಂತೆ ಎಬ್ಬಿಸಲು ಎರಡು ನಾಯಿಗಳನ್ನು ಬಳಸುವುದಕ್ಕೂ ಅದರಲ್ಲಿ ಅವಕಾಶ ಉಳಿಯಿತು. ಅನಂತರ ಮೊದಲೇ ಎಳೆದಿಟ್ಟ ವಾಸನೆಯ ಜಾಡಿನ ಹಿಂದೆ ನಾಯಿಗಳನ್ನು ಓಡಿಸುವ ಪದ್ಧತಿ ಬೆಳೆಯಿತು, ಅದರ ಮರೆಯಲ್ಲಿ ನಿಜವಾದ ಬೇಟೆ ನಡೆಯುತ್ತಿದೆಯೆಂಬ ದೂರೂ ಬೆಳೆಯಿತು. ಸ್ಕಾಟ್ಲೆಂಡ್ 2023ರ ಕಾಯ್ದೆಯಲ್ಲಿ ಆ ಪದ್ಧತಿಯನ್ನೂ ನಿಲ್ಲಿಸಿತು. ಫ್ರಾನ್ಸಿನ ಕಥೆ ಇನ್ನೂ ವಿಚಿತ್ರ: 1964ರ ಕಾಯ್ದೆಯೊಂದರಡಿ ಅಲ್ಲಿನ ಸಣ್ಣ ಹಿಡುವಳಿದಾರರು, ಬೇಟೆಯನ್ನು ವಿರೋಧಿಸುವವರು ಕೂಡ, ತಮ್ಮ ಜಮೀನನ್ನು ಊರ ಬೇಟೆಸಂಘಕ್ಕೆ ತೆರೆದಿಡಬೇಕಿತ್ತು. ಇದು ಆಸ್ತಿಯ ಹಕ್ಕಿಗೆ ವಿರುದ್ಧವೆಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ 1999ರಲ್ಲಿ ಹೇಳಿತು. ದೊಡ್ಡ ಜಮೀನಿನವರಿಗೆ ಹೊರಗುಳಿಯುವ ದಾರಿ ಇತ್ತು, ಚಿಕ್ಕವರಿಗೆ ಇರಲಿಲ್ಲ ಎಂಬುದನ್ನೂ ಅದು ಗಮನಿಸಿತು.

ಪ್ರಶ್ನೆ: ನಮ್ಮ ಮೆಕ್ಕೆಜೋಳಕ್ಕೆ ಕಾಡುಹಂದಿ ಕಾಟ ವಿಪರೀತ. ನಾಯಿಗಳಿರುವ ಬೇಟೆಯವರನ್ನು ನಾನೇ ಕರೆಸಿದರೆ ತಪ್ಪೇನು? ಹೊಲ ನನ್ನದೇ.
ರೈತರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಹೊಲ ನಿಮ್ಮದು, ಹಂದಿ ನಿಮ್ಮದಲ್ಲ. ಬೇಟೆಯಾಡಿದ ಕಾಡುಪ್ರಾಣಿ ಸರ್ಕಾರದ ಸ್ವತ್ತು ಎಂದು ವನ್ಯಜೀವಿ ಕಾಯ್ದೆಯ 39ನೇ ಕಲಂ ಹೇಳುತ್ತದೆ, ಆದ್ದರಿಂದ ನಿಮ್ಮ ಒಪ್ಪಿಗೆಯಿಂದ ಬೇಟೆ ಸಕ್ರಮವಾಗುವುದಿಲ್ಲ, ಕರೆಸಿದವರೆಂದು ನಿಮ್ಮ ಹೆಸರೂ ಪ್ರಕರಣಕ್ಕೆ ಸೇರುತ್ತದೆ. ಕಾವಲಿಗೆ ಕಟ್ಟಿದ ನಾಯಿ ಬೊಗಳಿ ಹಂದಿಯನ್ನು ಹೆದರಿಸುವುದು ಬೇರೆ ಮಾತು, ಅದಕ್ಕೆ ಯಾರ ತಕರಾರೂ ಇರಲಾರದು. ನಾಯಿಗಳ ಹಿಂಡು ಅಟ್ಟಿದ ಹಂದಿ ನಿಮ್ಮ ಬದುವಿನಲ್ಲೇ ನಿಲ್ಲುವುದಿಲ್ಲ, ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸರ ಮೇಲೆ ನುಗ್ಗೀತು ಎಂಬುದನ್ನೂ ಯೋಚಿಸಿ. ನಿಂತ ಪೈರಿಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣಗಳನ್ನು ಬರೆದು ಅನುಮತಿ ಕೊಡಬಹುದು, 11ನೇ ಕಲಮಿನಲ್ಲಿ ಆ ಅವಕಾಶವಿದೆ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರವೂ ಉಂಟು. ಹಾಳಾದ ಸಾಲುಗಳನ್ನು ತೆರವು ಮಾಡುವ ಮೊದಲು ಚಿತ್ರ ತೆಗೆದು, ಪಹಣಿ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಅರ್ಜಿಯ ಇನ್ನೊಂದು ಪ್ರತಿಗೆ ತಾರೀಕು ಸಮೇತ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.